ವೂ ಡಿಂಗ್‌ಗೆ ಅರವತ್ತು ಹೆಂಡಿರಾ, ಮೂವರಾ? ಪಟ್ಟದ ಲೆಕ್ಕ ಏನು?

ತುಂಗಾತೀರ:
ಚೀನಾದ ಷಾಂಗ್ ವಂಶದ ಅರಸ ವೂ ಡಿಂಗ್ (ಕ್ರಿ.ಪೂ. 1200ರ ಸುಮಾರು) ಬಗ್ಗೆ ಎಲ್ಲಿ ಹುಡುಕಿದರೂ ಅದೇ ಮೂರು ಮಾತು. 59 ವರ್ಷ ಆಳಿದ, 60ಕ್ಕೂ ಹೆಚ್ಚು ಹೆಂಡಿರಿದ್ದರು, ಅವರಲ್ಲಿ ಫು ಹಾವೊ ಎಂಬಾಕೆ 13,000 ಜನರ ದಂಡು ಕಟ್ಟಿಕೊಂಡು ಯುದ್ಧಕ್ಕೆ ಹೋದಳು. ಆದರೆ ಷಾಂಗ್ ಅರಸರ ಪಿತೃಪೂಜೆಯ ಪಟ್ಟಿಯಲ್ಲಿ ಅವನ ಜೊತೆ ಬರುವ ರಾಣಿಯರು ಮೂವರೇ: ಬಿ ವೂ, ಬಿ ಷಿನ್, ಬಿ ಗುಯಿ. ಪೂಜೆ ಪಡೆಯುವ ಗಂಡುಮಕ್ಕಳೂ ಮೂವರೇ: ಷಿಯಾವ್ ಜಿ, ಜು ಗೆಂಗ್, ಜು ಜಿಯಾ. ಈ ಅರವತ್ತು ಎಲ್ಲಿಂದ ಬಂತು? ಮೂವರು ತಾಯಂದಿರಿಗೆ ಮೂವರು ಮಕ್ಕಳು ಅಂತ ಜೋಡಿ ಮಾಡಬಹುದಾ? 59 ವರ್ಷವನ್ನು ನಂಬಬಹುದಾ? ತಿಳಿದವರು ಬಿಡಿಸಿ ಹೇಳಿ.

ಹೊಟ್ಟೆಚಿಪ್ಪು:
ಅರವತ್ತರ ಮೂಲ ಶಕುನದ ಮೂಳೆಗಳು, ಅಂದರೆ ಭವಿಷ್ಯ ಕೇಳಿ ಆ ಪ್ರಶ್ನೆಯನ್ನು ಕೊರೆದಿಟ್ಟ ದನದ ಮೂಳೆ, ಆಮೆಚಿಪ್ಪುಗಳು. ವೂ ಡಿಂಗ್ ಕಾಲದ ಬರಹಗಳಲ್ಲಿ ‘ಫು’ ಎಂಬ ಬಿರುದು ಹೊತ್ತ ಹೆಂಗಸರ ಹೆಸರು ಅರವತ್ತಕ್ಕೂ ಮೇಲೆ ಸಿಗುತ್ತವೆ. ಹಾಗಂತ ಅಷ್ಟೂ ಜನ ರಾಜನ ಹೆಂಡಿರು ಅಂದರೆ ಅವಸರದ ಲೆಕ್ಕ. ಕೆಲವರು ರಾಜಕುಮಾರರ, ಸಾಮಂತರ ಹೆಂಡಿರಿರಬಹುದು. ಮೂಳೆಯ ಅಂಚಿನಲ್ಲಿ ಕೊರೆದ ಪುಟ್ಟ ಟಿಪ್ಪಣಿಗಳಲ್ಲಿ ಎಷ್ಟೋ ಸಲ ಇವರದೇ ಹೆಸರು: ‘ಇಂಥ ಫು ಇಷ್ಟು ಚಿಪ್ಪು ಸಿದ್ಧ ಮಾಡಿಸಿದಳು’ ಅಂತ. ಅಂದರೆ ಅಂತಃಪುರದಲ್ಲಿ ಕೂತವರಲ್ಲ, ಕೆಲಸದ ಹೊಣೆ ಇದ್ದವರು. ಪೂಜಾಪಟ್ಟಿಯ ಮೂವರು ಖಚಿತ ಪಟ್ಟದ ರಾಣಿಯರು. ಉಳಿದವರ ಬಗ್ಗೆ ಒಟ್ಟಾರೆ ಸಂಖ್ಯೆ ಹೇಳದಿರುವುದೇ ಲೇಸು.

ಧಾರವಾಡದಾಂವ:
ಅಲ್ರೀ, ಮೂಳಿ ಮ್ಯಾಲೆ ‘ಫು ಹಾವೊ’ ಅಂತ ಐತಿ, ಪಟ್ಟ್ಯಾಗ ‘ಬಿ ಷಿನ್’ ಅಂತ ಐತಿ. ಎರಡೂ ಒಬ್ಬಾಕೀನ ಅಂತಾರಲ್ಲ, ಅದನ್ನ ಹ್ಯಾಂಗ ಹೇಳ್ತಾರ?

ಮಣ್ಣಪದರ:
@ಧಾರವಾಡದಾಂವ, ಗೋರಿ ಸಿಕ್ಕಿದ್ದರಿಂದ. ಷಾಂಗ್ ಪದ್ಧತಿಯಲ್ಲಿ ಸತ್ತವರನ್ನು ಬದುಕಿದ್ದಾಗಿನ ಹೆಸರಿನಿಂದ ಪೂಜಿಸುವುದಿಲ್ಲ. ಅವರ ವಾರಕ್ಕೆ ಹತ್ತು ದಿನ, ಹತ್ತು ದಿನಕ್ಕೆ ಹತ್ತು ಹೆಸರು: ಜಿಯಾ, ಯಿ, ಬಿಂಗ್, ಡಿಂಗ್, ವೂ, ಜಿ, ಗೆಂಗ್, ಷಿನ್, ರೆನ್, ಗುಯಿ. ಸತ್ತವರಿಗೆ ಇವುಗಳಲ್ಲಿ ಒಂದು ಅಂಟಿಕೊಳ್ಳುತ್ತದೆ, ಆ ದಿನವೇ ಅವರಿಗೆ ಎಡೆ. ಮಕ್ಕಳ ಬಾಯಲ್ಲಿ ‘ತಾಯಿ ಷಿನ್’ (ಮು ಷಿನ್), ಮೊಮ್ಮಕ್ಕಳಿಂದ ಮುಂದೆ ‘ಅಜ್ಜಿ ಷಿನ್’ (ಬಿ ಷಿನ್).

1976ರಲ್ಲಿ ಷಾಂಗ್ ರಾಜಧಾನಿಯಿದ್ದ ಆನ್‌ಯಾಂಗ್‌ನ ಷಿಯಾವ್‌ತುನ್ ಬಳಿ ಝೆಂಗ್ ಝೆನ್‌ಷಿಯಾಂಗ್ ತಂಡ ಅಗೆದ 5ನೇ ಗೋರಿಯಲ್ಲಿ 468 ಕಂಚಿನ ವಸ್ತು ಸಿಕ್ಕವು. ಅವುಗಳಲ್ಲಿ ನೂರಕ್ಕೂ ಹೆಚ್ಚಿನವುಗಳ ಮೇಲೆ ‘ಫು ಹಾವೊ’ ಎಂಬ ಹೆಸರೇ ಇದೆ. ಅದೇ ಗೋರಿಯ ಜೋಡಿ ಚೌಕ ಪಾತ್ರೆಗಳ ಮೇಲೆ ‘ತಾಯಿ ಷಿನ್’ ಅಂತಿದೆ, ಎರಡೂ ನೂರು ಕಿಲೋ ದಾಟಿದ ತೂಕದವು. ಬದುಕಿದ್ದಾಗ ಬಳಸಿದ್ದು ಒಂದು ಹೆಸರಿನಲ್ಲಿ, ಮಕ್ಕಳು ಮಾಡಿಸಿ ಇಟ್ಟಿದ್ದು ಇನ್ನೊಂದರಲ್ಲಿ. ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಧಾರವಾಡದಾಂವ:
ಬ್ಯಾಡ್ರಿ. ಆದ್ರ ಆ ಗೋರಿ ಕಳ್ಳರ ಕೈಗೆ ಸಿಗದ ಹ್ಯಾಂಗ ಉಳೀತು? ಆನ್‌ಯಾಂಗ್‌ನ ದೊಡ್ಡ ಗೋರಿ ಒಂದೂ ಉಳದಿಲ್ಲ.

ಮಣ್ಣಪದರ:
ಎರಡು ಕಾರಣ. ಒಂದು, ಅದು ಹುವಾನ್ ನದಿಯ ಉತ್ತರಕ್ಕಿರುವ ರಾಜಗೋರಿಗಳ ಸಾಲಿನಲ್ಲಿಲ್ಲ, ದಕ್ಷಿಣದ ದಂಡೆಯ ಅರಮನೆ ವಠಾರದಲ್ಲಿದೆ. ಕಳ್ಳರು ಹುಡುಕುವ ಜಾಗವೇ ಅಲ್ಲ. ಎರಡು, ಮೇಲೆ ಒಂದು ಕಟ್ಟಡದ ದಿಮ್ಮಿಸು ಮಣ್ಣಿನ ತಳಪಾಯ ಇತ್ತು. ಅಗೆದವರು ತಳಪಾಯ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸುವ ಸಾಧ್ಯತೆಯೇ ಹೆಚ್ಚು. ಝೆಂಗ್ ಬಿಡಲಿಲ್ಲ. ಉದ್ದ ಕೋಲಿನ ತುದಿಗೆ ಅರ್ಧಕೊಳವೆಯಂಥ ಅಲಗು ಇರುವ ಲುವೊಯಾಂಗ್ ಸಲಿಕೆಯನ್ನು ಇಳಿಸುತ್ತಲೇ ಹೋದರು, ಕೆಂಪು ಅರಗಿನ ಲೇಪದ ತುಣುಕು ಮೇಲೆ ಬಂತು.

ಬಾಯಿ 5.6 ಮೀಟರ್ ಉದ್ದ, 4 ಮೀಟರ್ ಅಗಲ, ಆಳ 7.5 ಮೀಟರ್. ರಾಜಗೋರಿಗಳಿಗೆ ಹೋಲಿಸಿದರೆ ಚಿಕ್ಕದು, ಇಳಿಜಾರು ದಾರಿ ಕೂಡ ಇಲ್ಲ. ತಳ ಅಂತರ್ಜಲಕ್ಕಿಂತ ಕೆಳಗಿದ್ದದ್ದರಿಂದ ಶವಪೆಟ್ಟಿಗೆ, ದೇಹ ಎರಡೂ ಕೊಳೆತು ಹೋಗಿದ್ದವು. ಜೊತೆಗೆ ಬಲಿಯಾದವರು 16 ಜನ, ನಾಯಿಗಳು 6. ಜೇಡ್ ವಸ್ತು 755, ಮೂಳೆಯ ಸಾಮಾನು 564 (ಅದರಲ್ಲಿ ಬಹುಪಾಲು ಮುಡಿಗೆ ಸಿಕ್ಕಿಸುವ ಕಡ್ಡಿಗಳು), ಕವಡೆ 6,800ಕ್ಕೂ ಮೇಲೆ.

ಕುಡ್ಲದಮಾತು:
ಕವಡೆಯಾ ಮಾರಾಯ್ರೆ! ಆನ್‌ಯಾಂಗ್ ಎಲ್ಲಿ, ಸಮುದ್ರ ಎಲ್ಲಿ. ನಮ್ಮ ಅರಬ್ಬಿ ಸಮುದ್ರದ ಕಡೆಯಿಂದ ಹೋದದ್ದಾ ಹಾಗಾದರೆ?

ಮಣ್ಣಪದರ:
ಆಸೆಗೆ ತಡೆ ಹಾಕಿ. ಆ ಜಾತಿಯ ಕವಡೆ ಹಿಂದೂ ಮಹಾಸಾಗರದಲ್ಲೂ ಇದೆ, ದಕ್ಷಿಣ ಚೀನಾ ಸಮುದ್ರದಲ್ಲೂ ಇದೆ. ಚಿಪ್ಪು ನೋಡಿ ಊರು ಹೇಳಲಾಗದು. ಬಂದ ದಾರಿಯ ಬಗ್ಗೆ ವಿದ್ವಾಂಸರಲ್ಲೇ ಜಗಳ ಇದೆ.

ಹಳೆಹೊತ್ತಗೆ:
ನೀವೆಲ್ಲ ಮೂಳೆ, ಮಣ್ಣು ಅಂತ ಹೊರಟಿರಿ. ಹಳೆಯ ಗ್ರಂಥಗಳು ಹೇಳುವ ವೂ ಡಿಂಗ್‌ನೂ ಇದ್ದಾನೆ. ತಂದೆ ಷಿಯಾವ್ ಯಿ ಸತ್ತ ಮೇಲೆ ಮೂರು ವರ್ಷ ಬಾಯಿ ಬಿಡಲಿಲ್ಲ. ಆಮೇಲೆ ಕನಸಿನಲ್ಲಿ ಕಂಡ ಮುಖವನ್ನು ಹುಡುಕಿಸಿ, ಮಣ್ಣುಗೋಡೆ ಕಟ್ಟುತ್ತಿದ್ದ ಕೈದಿ ಫು ಯುಎಯನ್ನು ಮಂತ್ರಿ ಮಾಡಿಕೊಂಡ. ಮಗ ಷಿಯಾವ್ ಜಿಯನ್ನು ಮಲತಾಯಿಯ ಮಾತು ಕೇಳಿ ದೂರ ಮಾಡಿದ, ಅವನು ಕೊರಗಿ ಸತ್ತ. ಕುಟುಂಬದ ಕತೆ ಕೇಳಿದ್ದೀರಿ, ಇದನ್ನು ಬಿಟ್ಟರೆ ಹೇಗೆ?

ಹೊಟ್ಟೆಚಿಪ್ಪು:
@ಹಳೆಹೊತ್ತಗೆ, ಕೈದಿ ಮಂತ್ರಿಯಾದ ಕತೆಗೆ ಮೂಳೆಗಳಲ್ಲಿ ಗಟ್ಟಿ ಆಧಾರ ಇಲ್ಲ. 2008ರಲ್ಲಿ ಚಿಂಗ್‌ಹುವಾ ವಿಶ್ವವಿದ್ಯಾಲಯಕ್ಕೆ ಬಂದ ಬಿದಿರುಪಟ್ಟಿಗಳಲ್ಲಿ ಫು ಯುಎಯ ಪ್ರಸಂಗ ಇದೆ ನಿಜ. ಆದರೆ ಆ ಪಟ್ಟಿಗಳು ಕ್ರಿ.ಪೂ. 300ರ ಆಸುಪಾಸಿನವು. ವೂ ಡಿಂಗ್ ಸತ್ತು ಆಗಲೇ ಸುಮಾರು 900 ವರ್ಷ.

ಷಿಯಾವ್ ಜಿಯ ಮಾತು ಬೇರೆ. ಅವನು ಮೂಳೆಗಳಲ್ಲೇ ಇದ್ದಾನೆ. ಮುಂದಿನ ಪೀಳಿಗೆಯವರು ‘ಕಿರಿಯ ಅರಸ, ತಂದೆ ಜಿ’ ಅಂತ ಕರೆದು ಎಡೆ ಇಟ್ಟಿದ್ದಾರೆ. ಅಂದರೆ ಯುವರಾಜ ಅಂತ ನಿಗದಿಯಾಗಿದ್ದ, ಪಟ್ಟಕ್ಕೆ ಬರುವ ಮೊದಲೇ ಸತ್ತ, ಆದರೂ ಪೂಜೆಯಲ್ಲಿ ಜಾಗ ಉಳಿಯಿತು. ಮಲತಾಯಿ ಚಾಡಿ ಹೇಳಿದಳು ಅನ್ನುವುದು ನಂತರದ ಕಾಲದ ಒಗ್ಗರಣೆ.

ತುಂಗಾತೀರ:
ಹಾಗಾದರೆ ಆ ಯುವರಾಜನ ತಾಯಿ ಯಾರು? ಫು ಹಾವೊನಾ?

ಕಂಚೆರಕ:
ಫು ಜಿಂಗ್ ಅನ್ನುವವರೇ ಹೆಚ್ಚು, ಆದರೆ ಅದು ಊಹೆ. ಖಚಿತವಾದದ್ದು ಇಷ್ಟು: ಪಟ್ಟಿಯ ‘ಬಿ ವೂ’ ಅಂದರೆ ಫು ಜಿಂಗ್. ಮೂಳೆಯೊಂದರಲ್ಲಿ ಎರಡು ಹೆಸರೂ ಒಟ್ಟಿಗೇ ಬಂದಿವೆ. ಅವಳದೆಂದು ಹೇಳುವ 260ನೇ ಗೋರಿ ನದಿಯ ಉತ್ತರಕ್ಕೆ, ರಾಜಗೋರಿಗಳ ವಠಾರದೊಳಗೇ ಇದೆ, ಒಂದು ಇಳಿಜಾರು ದಾರಿಯೂ ಇದೆ. ಪ್ರಸಿದ್ಧಿ ಫು ಹಾವೊಗೆ, ಗೋರಿಯ ಅಂತಸ್ತು ಫು ಜಿಂಗ್‌ಗೆ. ಫು ಹಾವೊ ಗೋರಿಯನ್ನು ಯಾರೂ ಲೂಟಿ ಮಾಡಲಿಲ್ಲ, ಫು ಜಿಂಗ್ ಗೋರಿಯನ್ನು ಬಳಿದುಬಿಟ್ಟರು, ಅದರಿಂದಲೇ ಒಬ್ಬಳು ಹೀರೋಯಿನ್, ಇನ್ನೊಬ್ಬಳು ಯಾರಿಗೂ ಗೊತ್ತಿಲ್ಲ.

‘ತಾಯಿ ವೂ’ ಹೆಸರಿರುವ ದೊಡ್ಡ ಚೌಕ ಪಾತ್ರೆ ಅವಳಿಗಾಗಿ ವೂ ಡಿಂಗ್‌ನ ಮಗನೊಬ್ಬ ಮಾಡಿಸಿದ್ದು ಅನ್ನುತ್ತಾರೆ. 832.84 ಕಿಲೋ, ಎತ್ತರ 133 ಸೆಂಟಿಮೀಟರ್. 1939ರಲ್ಲಿ ವೂಗುವಾನ್ ಹಳ್ಳಿಯವರಿಗೆ ಸಿಕ್ಕಿತು, ಜಪಾನೀಯರ ಕಣ್ಣಿಗೆ ಬೀಳದಿರಲಿ ಅಂತ ಮತ್ತೆ ಹೂತರು, 1946ರಲ್ಲಿ ಹೊರತೆಗೆದರು. ಒಂದು ಕಿವಿ ಕಳೆದುಹೋಗಿತ್ತು, ಈಗಿರುವುದು ನಕಲು. ಬೀಜಿಂಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಕುಡ್ಲದಮಾತು:
800 ಕಿಲೋ ಕಂಚನ್ನು ಒಂದೇ ಎರಕದಲ್ಲಿ ಹೊಯ್ದರಾ? ಮೇಣದ ಅಚ್ಚಾ?

ಕಂಚೆರಕ:
ಮೇಣ ಅಲ್ಲ. ಷಾಂಗ್ ಎರಕದವರದು ತುಂಡು ಮಣ್ಣಿನ ಅಚ್ಚು. ಮೊದಲು ಪಾತ್ರೆಯ ಆಕಾರವನ್ನು ಮಣ್ಣಲ್ಲಿ ಮಾಡಿ ಒಣಗಿಸುತ್ತಾರೆ. ಅದರ ಮೇಲೆ ಹಸಿ ಜೇಡಿಯನ್ನು ಒತ್ತಿ, ಅರೆ ಒಣಗಿದಾಗ ತುಂಡು ತುಂಡಾಗಿ ಕೊಯ್ದು ಬಿಡಿಸುತ್ತಾರೆ. ಇವು ಹೊರಗಿನ ಅಚ್ಚು. ನಂತರ ಮೂಲದ ಮಣ್ಣಾಕಾರವನ್ನೇ ಎಲ್ಲ ಕಡೆ ಒಂದೇ ಸಮ ಕೆರೆದರೆ ಅದು ಒಳಗಿನ ತಿರುಳಾಗುತ್ತದೆ. ಕೆರೆದಷ್ಟು ದಪ್ಪವೇ ಪಾತ್ರೆಯ ಗೋಡೆಯ ದಪ್ಪ. ತಿರುಳು ಅಲುಗಿ ಗೋಡೆಗೆ ತಾಗದಿರಲು ನಡುವೆ ಹಳೆ ಕಂಚಿನ ಚೂರುಗಳನ್ನು ಇಡುತ್ತಾರೆ. ಅವು ಗೋಡೆಯಲ್ಲೇ ಉಳಿಯುತ್ತವೆ, ಎಕ್ಸ್‌-ರೇ ಹಾಕಿದರೆ ಕಾಣುತ್ತವೆ. ಎಲ್ಲವನ್ನೂ ಸುಟ್ಟು, ಜೋಡಿಸಿ, ತಲೆಕೆಳಗಾಗಿ ನಿಲ್ಲಿಸಿ, ಕಾಲಿನ ಕಡೆಯಿಂದ ಲೋಹ ಹೊಯ್ಯುವುದು. ಈ ಪಾತ್ರೆಯ ಕಿವಿಗಳ ಎರಕ ಬೇರೆ.

ಕೆಡುವುದು ಎಲ್ಲಿ ಅಂದರೆ: ಅಚ್ಚಿನಲ್ಲಿ ತೇವ ಉಳಿದಿದ್ದರೆ ಆವಿ ಎದ್ದು ಲೋಹದಲ್ಲಿ ಗುಳ್ಳೆ, ಕೆಟ್ಟರೆ ಅಚ್ಚೇ ಸಿಡಿಯುತ್ತದೆ. ಅಚ್ಚು ತಣ್ಣಗಿದ್ದರೆ ಲೋಹ ಮೂಲೆ ತಲುಪುವ ಮೊದಲೇ ಗಟ್ಟಿ. ಹೊಯ್ಯುವುದು ನಡುವೆ ನಿಂತರೆ ಎರಡು ಸಲದ ಲೋಹ ಬೆಸೆಯದೆ ಗೆರೆ ಬೀಳುತ್ತದೆ. ಇಷ್ಟು ದೊಡ್ಡದಕ್ಕೆ ಹಲವು ಕುಲುಮೆ ಒಟ್ಟಿಗೆ ಕಾದು, ಒಂದರ ಹಿಂದೆ ಒಂದು ತಡೆಯಿಲ್ಲದೆ ಸುರಿಯಬೇಕು. ತಾಮ್ರ 84.77, ತವರ 11.64, ಸೀಸ 2.79 ಶೇಕಡಾ. ತವರದಿಂದ ಕರಗುವ ಬಿಸಿ ಇಳಿಯುತ್ತದೆ, ಗಡಸುತನ ಬರುತ್ತದೆ. ಅತಿಯಾದರೆ ಪಾತ್ರೆ ಬಿದ್ದಲ್ಲಿ ಒಡೆಯುತ್ತದೆ. ಸೀಸದಿಂದ ಲೋಹ ಸಣ್ಣ ಕೆತ್ತನೆಯೊಳಗೂ ಹರಿಯುತ್ತದೆ.

ತುಂಗಾತೀರ:
ಅದ್ಭುತ, ಆದರೆ ದಾರಿ ತಪ್ಪುತ್ತಿದೆ ಮಹಾಶಯರೆ. 13,000 ಸೈನಿಕರ ವಿಷಯ?

ಹೊಟ್ಟೆಚಿಪ್ಪು:
ಇಡೀ ದಂಡನಾಯಕಿಯ ಕತೆ ಒಂದು ಮೂಳೆಯ ಮೇಲೆ ನಿಂತಿದೆ. ‘ಫು ಹಾವೊ ಮೂರು ಸಾವಿರ ಎತ್ತುವುದು, ದಂಡು ಹತ್ತು ಸಾವಿರ ಎತ್ತುವುದು, ಚಿಯಾಂಗ್‌ ಜನರ ಮೇಲೆ ಹೋಗಲು ಹೇಳುವುದು’ ಎಂಬ ಧಾಟಿಯ ಸಾಲು. ಎರಡು ಓದು ಇವೆ. ಅವಳ ಕೈಕೆಳಗೆ ಮೂರು ಸಾವಿರ ಅಂತ ಒಂದು. ಅವಳ ಸೀಮೆಯಿಂದ ಮೂರು ಸಾವಿರ ಜನರನ್ನು ತೆಗೆದುಕೊಳ್ಳುವುದು ಅಂತ ಇನ್ನೊಂದು. ಎರಡನೆಯದಾದರೆ ಅವಳು ಯುದ್ಧಕ್ಕೇ ಹೋಗದಿರಬಹುದು. ಇದು ನಡೆದ ಯುದ್ಧದ ವರದಿಯೂ ಅಲ್ಲ, ‘ಹೀಗೆ ಮಾಡಲೋ’ ಎಂಬ ಪ್ರಶ್ನೆ.

ಕುಡ್ಲದಮಾತು:
ಹಾಗಾದರೆ ಅವಳು ಯೋಧೆಯೇ ಅಲ್ಲ ಅಂತೀರಾ? ಗೋರಿಯಲ್ಲಿ 130ಕ್ಕೂ ಹೆಚ್ಚು ಆಯುಧ ಇದ್ದವಲ್ಲ!

ಹೊಟ್ಟೆಚಿಪ್ಪು:
ಹಾಗೆ ಹೇಳಲಿಲ್ಲ. ಬಾ ಜನರ ಮೇಲಿನ ದಾಳಿಯಲ್ಲಿ ಅವಳಿಗೆ ಸೇನಾನಿ ಝಿ ಗುವೊ ಜೊತೆ ಪಾತ್ರ ಇತ್ತು ಅನ್ನುವ ಮೂಳೆಗಳು ಬೇರೆ ಇವೆ. ಅವಳು ಹೊಂಚು ಹಾಕುವುದು, ರಾಜ ಇನ್ನೊಂದು ಕಡೆಯಿಂದ ಶತ್ರುವನ್ನು ಅಟ್ಟುವುದು ಅಂತ ಯೋಜನೆ. ಅದು 13,000ಕ್ಕಿಂತ ಗಟ್ಟಿ ಸಾಕ್ಷಿ. ಜನರಿಗೆ ಮಾತ್ರ ದೊಡ್ಡ ಅಂಕಿಯೇ ರುಚಿ.

ಕಂಚೆರಕ:
ಆ ಗೋರಿಯ ಎರಡು ದೊಡ್ಡ ಕೊಡಲಿಗಳು 9 ಕಿಲೋ ಮತ್ತು 8.5 ಕಿಲೋ. ಬೀಸಿ ಹೋರಾಡುವ ತೂಕ ಅಲ್ಲ ಅದು. ಶಿಕ್ಷಿಸುವ, ದಂಡು ಕಳಿಸುವ ಅಧಿಕಾರದ ಗುರುತು. ಅವಳ ಅಧಿಕಾರಕ್ಕೆ ಸಾಕ್ಷಿ, ತೋಳ್ಬಲಕ್ಕಲ್ಲ.

ಧಾರವಾಡದಾಂವ:
ಈ ಮೂಳಿ ಪ್ರಶ್ನಿ ಹ್ಯಾಂಗ ಕೇಳ್ತಿದ್ರು, ಅದನ್ನರ ಯಾರಾದ್ರೂ ಸರಿಯಾಗಿ ಹೇಳ್ರಿ. ‘ಬೆಂಕೀಗೆ ಹಾಕ್ತಿದ್ರು’ ಅಂತ ಎಲ್ಲಾ ಕಡೆ ಬರದಾರ.

ಹೊಟ್ಟೆಚಿಪ್ಪು:
ಬೆಂಕಿಗೆ ಹಾಕುತ್ತಿರಲಿಲ್ಲ. ಹಾಕಿದ್ದರೆ ಸುಟ್ಟು ಕರಕಲು, ಅಷ್ಟೇ. ಆಮೆಯ ಹೊಟ್ಟೆಚಿಪ್ಪು ಅಥವಾ ದನದ ಹೆಗಲಮೂಳೆಯನ್ನು ಕೊಯ್ದು, ಕೆರೆದು, ನುಣುಪಾಗಿ ಉಜ್ಜುತ್ತಾರೆ. ಹಿಂಬದಿಯಲ್ಲಿ ಸಾಲು ಸಾಲು ಕುಳಿ: ಉದ್ದನೆಯ ಮೊಟ್ಟೆಯಾಕಾರದ ಒಂದು, ಅದರ ಪಕ್ಕಕ್ಕೆ ತಾಗಿ ದುಂಡನೆಯ ಇನ್ನೊಂದು. ಕುಳಿ ಮುಂಬದಿಯನ್ನು ತೂರಬಾರದು, ತೆಳು ಪೊರೆಯಷ್ಟು ಮೂಳೆ ಉಳಿಯಬೇಕು. ಆ ದುಂಡು ಕುಳಿಗೆ ಉರಿಯುವ ಕೆಂಡದ ತುದಿ ಹಿಡಿದಾಗ ಮುಂಬದಿಯಲ್ಲಿ ಬಿರುಕು ಬೀಳುತ್ತದೆ. ಉದ್ದ ಕುಳಿಯ ನೇರಕ್ಕೆ ಒಂದು ನಿಂತ ಗೆರೆ, ದುಂಡು ಕುಳಿಯ ಕಡೆಗೆ ಒಂದು ಅಡ್ಡ ಕವಲು. ಅಂದರೆ ಬಿರುಕು ಎಲ್ಲಿ, ಯಾವ ದಿಕ್ಕಿಗೆ ಅನ್ನುವುದನ್ನು ಕುಳಿಯೇ ತೀರ್ಮಾನಿಸುತ್ತದೆ. ಕವಲಿನ ಓರೆ ಎಷ್ಟು ಅನ್ನುವುದಷ್ಟೇ ಬೆಂಕಿಗೆ ಬಿಟ್ಟದ್ದು. ಮೂಳೆ ದಪ್ಪ ಉಳಿದರೆ ಬಿರುಕೇ ಬರದು, ಅತಿ ತೆಳುವಾದರೆ ತೂತು.

ಒಂದೇ ಪ್ರಶ್ನೆಯನ್ನು ಬಲಗಡೆ ‘ಆಗುತ್ತದೆ’, ಎಡಗಡೆ ‘ಆಗುವುದಿಲ್ಲ’ ಅಂತ ಎರಡು ರೀತಿ ಇಡುತ್ತಾರೆ. ಬಿರುಕುಗಳ ಪಕ್ಕ 1, 2, 3 ಅಂತ ಅಂಕಿ ಹಾಕುತ್ತಾರೆ. ಆಮೇಲೆ ದಿನ, ಪ್ರಶ್ನೆ ಇಟ್ಟವನ ಹೆಸರು (ಚ್ಯುಎ, ಬಿನ್, ಝೆಂಗ್ ಹೆಚ್ಚು ಕಾಣುವ ಹೆಸರುಗಳು), ಪ್ರಶ್ನೆ, ರಾಜ ಹೇಳಿದ ಫಲ, ಕೆಲವೊಮ್ಮೆ ಆದದ್ದೇನು ಎಂಬುದನ್ನು ಕೊರೆಯುತ್ತಾರೆ. ವೂ ಡಿಂಗ್ ಕಾಲದ ಅಕ್ಷರಗಳು ದೊಡ್ಡವು, ಕೊರೆದ ಗೆರೆಗಳಿಗೆ ಕೆಂಪು ಬಣ್ಣ ತುಂಬಿದ್ದೂ ಇದೆ.

ಗ್ರಹಣಗಣಿತ:
ಉದಾಹರಣೆಗೆ ಫು ಹಾವೊ ಹೆರಿಗೆಯ ಮೂಳೆ. ಜಿಯಾಷೆನ್ ದಿನ (ಅರವತ್ತು ಹೆಸರುಗಳ ದಿನಚಕ್ರದಲ್ಲಿ ಒಂದು) ಚ್ಯುಎ ಕೇಳಿದ. ರಾಜ ಹೇಳಿದ: ಡಿಂಗ್ ದಿನ ಹೆತ್ತರೆ ಒಳ್ಳೆಯದು, ಗೆಂಗ್ ದಿನ ಹೆತ್ತರೆ ತುಂಬಾ ಶುಭ. ‘ಮೂವತ್ತೊಂದು ದಿನಕ್ಕೆ ಜಿಯಾಯಿನ್‌ನಲ್ಲಿ ಹೆತ್ತಳು, ಒಳ್ಳೆಯದಾಗಲಿಲ್ಲ, ಹೆಣ್ಣು.’

ಧಾರವಾಡದಾಂವ:
ಜಿಯಾಷೆನ್ 60ರ ಚಕ್ರದಾಗ 21ನೇದು, ಜಿಯಾಯಿನ್ 51ನೇದು. ಕಳದ್ರ ಮೂವತ್ತ ಬರ್ತದ, ಮೂವತ್ತೊಂದಲ್ಲ.

ಗ್ರಹಣಗಣಿತ:
ಪ್ರಶ್ನೆ ಇಟ್ಟ ದಿನವನ್ನೂ ಸೇರಿಸಿ ಎಣಿಸಿದ್ದಾರೆ. ಈ ಎಣಿಕೆ ಗೊತ್ತಿಲ್ಲದೆ ಮೂಳೆಯ ದಿನಾಂಕ ಹಿಡಿಯಲು ಹೊರಟರೆ ಎಲ್ಲ ಕಡೆ ಒಂದು ದಿನ ಎಡವುತ್ತೀರಿ.

ಈಗ 59 ವರ್ಷದ ವಿಷಯ. ಅಂಕಿ ಇರುವುದು ‘ಷಾಂಗ್‌ಷು’ ಎಂಬ ಹಳೆಯ ಗ್ರಂಥದಲ್ಲಿ, ಮೂಳೆಯಲ್ಲಲ್ಲ. ಚೀನಾ ಸರ್ಕಾರದ ಕಾಲಗಣನಾ ಯೋಜನೆ ಕ್ರಿ.ಪೂ. 1250ರಿಂದ 1192 ಅಂತ ಇಟ್ಟಿತು. ಆಧಾರ ಬಿನ್ ಗುಂಪಿನ (ಪ್ರಶ್ನೆ ಇಟ್ಟ ಬಿನ್‌ನ ಹೆಸರಿನ) ಮೂಳೆಗಳಲ್ಲಿರುವ ಐದು ಚಂದ್ರಗ್ರಹಣ. ಅವುಗಳನ್ನು ಕ್ರಿ.ಪೂ. 1201, 1198, 1192, 1189, 1181ಕ್ಕೆ ಹೊಂದಿಸಿದ್ದಾರೆ. ನೋಡಿ, ಕೊನೆಯ ಎರಡು 1192ರ ಆಚೆಗೆ ಬೀಳುತ್ತವೆ! ಆ ಮೂಳೆಗಳು ಮಗ ಜು ಗೆಂಗ್ ಕಾಲಕ್ಕೂ ಮುಂದುವರಿದವು ಎಂದು ಒಪ್ಪಿದರೆ ಮಾತ್ರ ಲೆಕ್ಕ ಕೂಡುತ್ತದೆ. ಕೆಲವರು ಆಳ್ವಿಕೆಯ ಕೊನೆಯನ್ನೇ 1189ಕ್ಕೆ ತರುತ್ತಾರೆ. ಗ್ರಹಣದಿಂದ ಆಳ್ವಿಕೆಯ ಕೊನೆಯ ಭಾಗ ಗಟ್ಟಿಯಾಗುತ್ತದೆ. ಆರಂಭದ 1250 ಮಾತ್ರ ಗ್ರಂಥದ 59ನ್ನು ಹಿಂದಕ್ಕೆ ಎಣಿಸಿ ಬಂದದ್ದು.

ಹಳೆಹೊತ್ತಗೆ:
ಅಂದರೆ ಕೊನೆಗೂ ಗ್ರಂಥವೇ ಬೇಕಾಯಿತು.

ಗ್ರಹಣಗಣಿತ:
ಬೇಕಾಯಿತು, ಒಪ್ಪಿದೆ. ಆದರೆ ‘1250ರಲ್ಲಿ ಪಟ್ಟಕ್ಕೆ ಬಂದ’ ಅಂತ ಗಡಿಯಾರ ನೋಡಿದಂತೆ ಬರೆಯುವವರನ್ನು ಕಂಡರೆ ಮೈ ಉರಿಯುತ್ತದೆ.

ಮಣ್ಣಪದರ:
ಫು ಹಾವೊ ವಿಷಯದಲ್ಲಿ ಇನ್ನೊಂದು ದೊಡ್ಡ ಜಗಳ ಯಾರೂ ಎತ್ತಲಿಲ್ಲ. ಮೂಳೆಬರಹದ ವಿದ್ವಾಂಸ ದೊಂಗ್ ಜುವೊಬಿನ್ 1933ರಲ್ಲಿ ಮೂಳೆಗಳನ್ನು ಐದು ಕಾಲಘಟ್ಟ ಮಾಡಿದರು. ಅದರ ಪ್ರಕಾರ ‘ಲಿ’ ಎಂಬ ಶಕುನಗಾರನ ಹೆಸರಿನ ಗುಂಪಿನ ಮೂಳೆಗಳು ನಾಲ್ಕನೇ ಘಟ್ಟ, ಅಂದರೆ ವೂ ಯಿ, ವೆನ್ ಡಿಂಗ್ ಕಾಲ, ವೂ ಡಿಂಗ್‌ನಿಂದ ಎಷ್ಟೋ ತಲೆಮಾರು ಈಚೆ. ಆದರೆ ಅವುಗಳಲ್ಲೂ ಫು ಹಾವೊ ಬರುತ್ತಾಳೆ! ಗೋರಿ ಸಿಕ್ಕ ಮರುವರ್ಷ, 1977ರಲ್ಲಿ, ಇನ್ನೊಬ್ಬ ವಿದ್ವಾಂಸ ಲಿ ಷ್ಯುಚಿನ್ ‘ಆ ಗುಂಪೇ ವೂ ಡಿಂಗ್, ಜು ಗೆಂಗ್ ಕಾಲದ್ದು’ ಅಂದರು. ಗುಂಪಿನ ‘ತಂದೆ ಯಿ’ ಯಾರು ಅನ್ನುವುದೇ ಗಂಟು. ಷಿಯಾವ್ ಯಿ ಆದರೆ ಕರೆದವನು ವೂ ಡಿಂಗ್, ವೂ ಯಿ ಆದರೆ ಕರೆದವನು ವೆನ್ ಡಿಂಗ್.

ಹೊಟ್ಟೆಚಿಪ್ಪು:
ಎದುರು ವಾದವನ್ನೂ ಹೇಳಿ. 1973ರಲ್ಲಿ ಷಿಯಾವ್‌ತುನ್‌ನ ದಕ್ಷಿಣ ಭಾಗ ಅಗೆದಾಗ ಲಿ ಗುಂಪಿನವು ಮಧ್ಯ ಮತ್ತು ಕೊನೆಯ ಪದರಗಳಲ್ಲೇ ಬಂದವು. ಆರಂಭದ ಪದರದಲ್ಲಿಲ್ಲ.

ಮಣ್ಣಪದರ:
ಗುಂಡಿಯಲ್ಲಿ ಹಳೆಯ ಮೂಳೆ ನಂತರ ಬೀಳಬಹುದು, ನಂತರದ ಮೂಳೆ ಮೊದಲೇ ಬೀಳಲಾಗದು. ಪದರದಿಂದ ಸಿಗುವುದು ‘ಇದಕ್ಕಿಂತ ಈಚಿನದಲ್ಲ’ ಎಂಬ ಒಂದು ಮಿತಿ ಮಾತ್ರ. ಲಿ ಷ್ಯುಚಿನ್ ಕಡೆಯೇ ನನ್ನ ವೋಟು.

ಕುಡ್ಲದಮಾತು:
ಅವಳು ರಾಜನಿಗಿಂತ ಮೊದಲೇ ತೀರಿದಳಾ?

ಹೊಟ್ಟೆಚಿಪ್ಪು:
ಹೌದು. ಅವಳಿಗೆ ಎಡೆ ಇಟ್ಟ ಪ್ರಶ್ನೆಗಳು ವೂ ಡಿಂಗ್ ಕಾಲದಲ್ಲೇ ಇವೆ. ಅದಕ್ಕಿಂತ ವಿಚಿತ್ರ ಇನ್ನೊಂದು: ‘ಅವಳನ್ನು ಟಾಂಗ್ ತೆಗೆದುಕೊಂಡನೇ? ದಾ ಜಿಯಾನೇ? ಜು ಯಿಯೇ?’ ಅಂತ ಸತ್ತ ಪೂರ್ವಜರ ಹೆಸರಿಟ್ಟು ಕೇಳಿದ್ದಾರೆ. ಪರಲೋಕದ ಮದುವೆ ಅಂತ ಒಂದು ಓದು. ರಾಜನ ಹಲ್ಲು ನೋವಿಗೂ ಇದೇ ವಿಧಾನ, ‘ತಂದೆ ಯಿ ಕಾಡುತ್ತಿದ್ದಾನೆಯೇ’ ಅಂತ ಕೇಳಿ, ಇನ್ನೊಂದರಲ್ಲಿ ದೊಡ್ಡಪ್ಪ ಪಾನ್ ಗೆಂಗ್‌ಗೆ ನಾಯಿ ಬಲಿ ಕೊಡಲೇ ಅಂತ ಕೇಳಿದ್ದಾರೆ.

ತುಂಗಾತೀರ:
ಮೂವರು ತಾಯಿ, ಮೂವರು ಮಗ, ಜೋಡಿ ಮಾಡಬಹುದಾ ಅಂತ ಕೇಳಿದ್ದೆ. ಅದಕ್ಕೆ ಯಾರೂ ನೇರವಾಗಿ ಉತ್ತರಿಸಲಿಲ್ಲ.

ಗ್ರಹಣಗಣಿತ:
ಖಚಿತವಾಗಿ ಮಾಡಲಾಗದು. ಗೋರಿಯ ‘ತಾಯಿ ಷಿನ್’ ಪಾತ್ರೆಗಳನ್ನು ಮಾಡಿಸಿದವರು ತಮ್ಮ ಹೆಸರು ಹಾಕಿಲ್ಲ. ಷಾಂಗ್ ಪದ್ಧತಿಯಲ್ಲಿ ತಂದೆಯ ಎಲ್ಲ ರಾಣಿಯರೂ ‘ತಾಯಿ’ಯೇ. ಹಾಗಾಗಿ ಹೆತ್ತವಳೇ ಅಂತ ಸಾಬೀತಾಗುವುದಿಲ್ಲ.

ಹೊಟ್ಟೆಚಿಪ್ಪು:
ಇನ್ನೊಂದು ಸೇರಿಸಿ: ಮಕ್ಕಳು ಮೂವರೇ ಅಲ್ಲ. ಝಿ ಯು, ಝಿ ಯಾಂಗ್ ಮುಂತಾದ ‘ಝಿ’ಗಳು (ಮಗ, ರಾಜಕುಮಾರ ಎಂಬರ್ಥದ ಬಿರುದು) ವೂ ಡಿಂಗ್ ಮೂಳೆಗಳಲ್ಲಿ ತುಂಬಾ ಇದ್ದಾರೆ. ಝಿ ಯಾಂಗ್ ಬೇಟೆಯಲ್ಲಿ ರಥ ಮಗುಚಿದಾಗ ರಾಜನ ಜೊತೆ ಬಿದ್ದವನು. 1991ರಲ್ಲಿ ಹುವಾಯುವಾನ್‌ಝುವಾಂಗ್ ಹಳ್ಳಿಯ ಪೂರ್ವಕ್ಕೆ ಒಂದೇ ಗುಂಡಿಯಲ್ಲಿ 1,583 ತುಂಡು ಸಿಕ್ಕವು, 689ರಲ್ಲಿ ಬರಹ. ಪ್ರಶ್ನೆ ಕೇಳಿದವನು ರಾಜ ಅಲ್ಲ, ‘ಝಿ’ ಎಂಬ ರಾಜಕುಟುಂಬದ ಒಬ್ಬ ಗಣ್ಯ, ಅವನ ಮಾತಿನಲ್ಲಿ ಫು ಹಾವೊ ಪದೇ ಪದೇ ಬರುತ್ತಾಳೆ. ಅವಳಿಗೆ ಉಡುಗೊರೆ ಕೊಡಲೇ ಅಂತೆಲ್ಲ ಕೇಳಿದ್ದಾನೆ.

ಧಾರವಾಡದಾಂವ:
ಹಂಗಂದ್ರ ಅವ ಆಕೀ ಮಗಾನ?

ಹೊಟ್ಟೆಚಿಪ್ಪು:
ಅನ್ನುವವರಿದ್ದಾರೆ. ವೂ ಡಿಂಗ್ ಮಗ ಅನ್ನುವವರಿದ್ದಾರೆ, ಅಣ್ಣತಮ್ಮಂದಿರ ಕವಲಿನ ಹಿರಿಯ ಅನ್ನುವವರೂ ಇದ್ದಾರೆ. ಅವನು ಯಾವ ಪೂರ್ವಜರಿಗೆ ಎಡೆ ಇಡುತ್ತಾನೆ ಅನ್ನುವುದನ್ನು ಮೊದಲು ಪಟ್ಟಿ ಮಾಡಿ, ರಾಜನ ಮೂಳೆಗಳ ಪಟ್ಟಿಯ ಪಕ್ಕ ಇಟ್ಟು ನೋಡಿ. ಅಲ್ಲಿಂದ ಶುರು ಮಾಡಿದರೆ ಜಗಳಕ್ಕೆ ಒಂದು ಬುಡ ಇರುತ್ತದೆ.

ಧಾರವಾಡದಾಂವ:
ಆತ್ರಿ, ಹೊಸಾ ಎಳೀ ಶುರು ಮಾಡ್ತೀನಿ. ಇದರಾಗ ಕಂಚಿನ ಗಡಗಿ ಭಾಳ ಆಗ್ಯಾವ.